ಹುಳುವಿನ ಮದ್ದು ಮಣ್ಣಲ್ಲಿ ಸಿಕ್ಕಿತು

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಹೊಲದಿಂದ ಒಂದು ವಾಸನೆ ಏಳುತ್ತದೆ, ಅಲ್ವಾ? ಮಣ್ಣಿನ ವಾಸನೆ ಅನ್ನುತ್ತೇವೆ. ನಿಜ ಹೇಳಬೇಕೆಂದರೆ ಅದು ಮಣ್ಣಲ್ಲಿರುವ ಬ್ಯಾಕ್ಟೀರಿಯಾದ ವಾಸನೆ. ಅದರ ಹೆಸರು ಸ್ಟ್ರೆಪ್ಟೊಮೈಸಿಸ್. ನೂಲಿನ ಎಳೆಯ ಹಾಗೆ ಮಣ್ಣೊಳಗೆ ಹಬ್ಬಿಕೊಂಡಿರುತ್ತದೆ. ಬ್ಯಾಕ್ಟೀರಿಯಾ ಎಂದರೆ ಕೆಟ್ಟದ್ದು ಎಂದು ಸೋಪಿನ ಜಾಹೀರಾತುಗಳು ನಮಗೆ ಕಲಿಸಿಬಿಟ್ಟಿವೆ. ಆದರೆ ಕೋಟಿಗಟ್ಟಲೆ ಜನರ ಮೈಯಲ್ಲಿ ಸೇರಿಕೊಂಡ ಹುಳುಗಳಿಗೆ ಮದ್ದು ಕೊಟ್ಟದ್ದು ಈ ಬ್ಯಾಕ್ಟೀರಿಯಾವೇ. ಮದ್ದು ಮಣ್ಣಲ್ಲಿದೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ.

ಜಪಾನಿನ ಯಮನಾಶಿಯಲ್ಲಿ 1935ರಲ್ಲಿ ಒಂದು ರೈತ ಕುಟುಂಬದಲ್ಲಿ ಸತೋಶಿ ಓಮುರಾ ಹುಟ್ಟಿದರು. ಡಿಗ್ರಿ ಮುಗಿಸಿ ಟೋಕಿಯೋದ ಒಂದು ರಾತ್ರಿ ಶಾಲೆಯಲ್ಲಿ ಮೇಷ್ಟ್ರಾದರು. ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದ ಹುಡುಗರು ಸಂಜೆ ಪಾಠಕ್ಕೆ ಬರುತ್ತಿದ್ದರು. ಒಂದು ಪರೀಕ್ಷೆಯ ದಿನ ಮೇಷ್ಟ್ರ ಕಣ್ಣು ಒಬ್ಬ ಹುಡುಗನ ಕೈ ಮೇಲೆ ಬಿತ್ತು. ಬೆರಳಿಗೆಲ್ಲ ಎಣ್ಣೆಮಸಿ. ಇವನು ಇಷ್ಟು ಕಷ್ಟಪಟ್ಟು ಓದುತ್ತಾನೆ, ನಾನು ಯಾಕೆ ಓದು ನಿಲ್ಲಿಸಿದೆ ಎಂದು ಅವರಿಗೆ ನಾಚಿಕೆಯಾಯಿತು. ಮತ್ತೆ ಪುಸ್ತಕ ಹಿಡಿದರು. ಕೊನೆಗೆ ಕಿಟಸಾಟೊ ಸಂಸ್ಥೆಯಲ್ಲಿ ಸಂಶೋಧಕರಾದರು.

ಓಮುರಾ ಅವರಿಗೊಂದು ಅಭ್ಯಾಸ. ಎಲ್ಲಿಗೇ ಹೋಗಲಿ, ಜೇಬಲ್ಲಿ ಪುಟ್ಟ ಪ್ಲಾಸ್ಟಿಕ್ ಚೀಲ ಇರಬೇಕು. ದಾರಿಯಲ್ಲಿ ಒಂದು ಚಮಚ ಮಣ್ಣು ಕೆರೆದು ಚೀಲಕ್ಕೆ ಹಾಕುವುದು, ಲ್ಯಾಬಿಗೆ ತರುವುದು. 1974ರ ಸುಮಾರಿಗೆ ಶಿಝುವೊಕಾದ ಕಡಲ ದಂಡೆಯ ಕವಾನಾ ಎಂಬಲ್ಲಿ, ಗಾಲ್ಫ್ ಮೈದಾನದ ಪಕ್ಕದಲ್ಲಿ ಹೀಗೇ ಒಂದಿಷ್ಟು ಮಣ್ಣು ತೆಗೆದರು. ಅದರಲ್ಲಿ ಹೊಸದೊಂದು ಸ್ಟ್ರೆಪ್ಟೊಮೈಸಿಸ್ ಸಿಕ್ಕಿತು. ಬೇರೆ ಬ್ಯಾಕ್ಟೀರಿಯಾಗಳ ಜೊತೆ ಅದನ್ನೂ ಅಮೆರಿಕದ ಮರ್ಕ್ ಕಂಪನಿಯ ಲ್ಯಾಬಿಗೆ ಕಳಿಸಿದರು.

ಅಲ್ಲಿದ್ದವರು ಐರ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಕ್ಯಾಂಪ್‌ಬೆಲ್. ಅವರ ತಂಡದವರು ಹೊಟ್ಟೆಯಲ್ಲಿ ಹುಳು ಇರುವ ಇಲಿಗಳಿಗೆ ಈ ಬ್ಯಾಕ್ಟೀರಿಯಾ ಬೆಳೆಸಿದ ರಸವನ್ನು ತಿನ್ನಿಸಿ ನೋಡಿದರು. ಹುಳುಗಳು ಮಾಯ! ಆ ರಸದಿಂದ ಬೇರ್ಪಡಿಸಿದ ವಸ್ತುವಿಗೆ ಅವರ್ಮೆಕ್ಟಿನ್ ಎಂದು ಹೆಸರಿಟ್ಟರು. ಅದನ್ನೇ ಸ್ವಲ್ಪ ತಿದ್ದಿ ಮಾಡಿದ್ದು ಐವರ್ಮೆಕ್ಟಿನ್. ದನ, ಕುರಿ ಸಾಕಿದವರಿಗೆ ಈ ಹೆಸರು ಗೊತ್ತೇ ಇರುತ್ತದೆ.

ಇದು ಕೆಲಸ ಮಾಡುವ ರೀತಿ ಸರಳ. ಹುಳುವಿನ ನರಗಳಲ್ಲಿ ಪುಟ್ಟ ಪುಟ್ಟ ಬಾಗಿಲುಗಳಿವೆ ಎಂದುಕೊಳ್ಳಿ. ಈ ಮದ್ದು ಆ ಬಾಗಿಲು ತೆರೆದು ಅಗುಳಿ ಹಾಕಲು ಬಿಡುವುದಿಲ್ಲ. ಹುಳುವಿಗೆ ಲಕ್ವ ಹೊಡೆಯುತ್ತದೆ. ಆ ಜಾತಿಯ ಬಾಗಿಲು ನಮ್ಮ ನರಗಳಲ್ಲಿ ಇಲ್ಲವೇ ಇಲ್ಲ.

ಆಗ ಪಶ್ಚಿಮ ಆಫ್ರಿಕಾದಲ್ಲಿ ನದಿಗುರುಡು ಎಂಬ ರೋಗ ಊರೂರನ್ನೇ ತಿನ್ನುತ್ತಿತ್ತು. ರಭಸದ ಹೊಳೆಗಳಲ್ಲಿ ಹುಟ್ಟುವ ಕರಿನೊಣ ಕಚ್ಚಿದರೆ ಹುಳು ಮೈಗೆ ಸೇರುತ್ತದೆ. ಅದರ ಮರಿಗಳು ಚರ್ಮದಲ್ಲಿ ತುರಿಕೆ ಎಬ್ಬಿಸಿ ಕಣ್ಣಿಗೂ ಹೋಗುತ್ತವೆ. ಹೊಳೆದಂಡೆಯ ಒಳ್ಳೆಯ ಭೂಮಿಯನ್ನೇ ಬಿಟ್ಟು ಜನ ಗುಳೆ ಹೋದರು. ಕಣ್ಣು ಕಳೆದುಕೊಂಡ ಹಿರಿಯರು ಕೋಲಿನ ಒಂದು ತುದಿ ಹಿಡಿಯುತ್ತಿದ್ದರು, ಇನ್ನೊಂದು ತುದಿ ಹಿಡಿದು ಮಗು ಮುಂದೆ ನಡೆಯುತ್ತಿತ್ತು. 1981ರಲ್ಲಿ ಸೆನೆಗಲ್‌ನಲ್ಲಿ ಮನುಷ್ಯರಿಗೆ ಈ ಮದ್ದು ಕೊಟ್ಟು ನೋಡಿದರು. ಮರಿಹುಳುಗಳು ಸತ್ತವು. ದೊಡ್ಡ ಹುಳು ಮಾತ್ರ ಹತ್ತು ಹನ್ನೆರಡು ವರ್ಷ ಬದುಕುತ್ತದೆ, ಅದಕ್ಕೇ ವರ್ಷ ವರ್ಷ ಮಾತ್ರೆ ಕೊಡಬೇಕು. ಬೇಕಾದಷ್ಟು, ಬೇಕಾದಷ್ಟು ಕಾಲ ಪುಕ್ಕಟೆ ಕೊಡುತ್ತೇವೆ ಎಂದು 1987ರಲ್ಲಿ ಕಂಪನಿ ಹೇಳಿತು. ಎಷ್ಟು ಮಾತ್ರೆ ಎನ್ನುವುದು ಮೈತೂಕದ ಮೇಲೆ ನಿಂತಿದೆ. ಆದರೆ ಹಳ್ಳಿಗಳಲ್ಲಿ ತಕ್ಕಡಿ ಎಲ್ಲಿಂದ ತರುವುದು? ಗುರುತು ಹಾಕಿದ ಒಂದು ಕೋಲಿನ ಪಕ್ಕ ಜನರನ್ನು ನಿಲ್ಲಿಸಿದರು. ಎತ್ತರ ನೋಡಿ ಎಷ್ಟು ಮಾತ್ರೆ ಎಂದು ಲೆಕ್ಕ ಹಾಕಿದರು. ನನಗೆ ಈ ಇಡೀ ಕತೆಯಲ್ಲಿ ತುಂಬ ಇಷ್ಟವಾದದ್ದು ಆ ಕೋಲು.

ಈ ರೋಗ ದಕ್ಷಿಣ ಅಮೆರಿಕದಲ್ಲೂ ಇತ್ತು. 2013ರಲ್ಲಿ ಅಲ್ಲಿನ ಕೊಲಂಬಿಯಾ ಇದರಿಂದ ಮುಕ್ತವಾಯಿತು. 2015ರಲ್ಲಿ ಓಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ ನೊಬೆಲ್ ಬಂತು.

ಒಂದು ಮಾತು ಹೇಳಲೇಬೇಕು. ಕೊರೋನಾ ಕಾಲದಲ್ಲಿ ಇದೇ ಮಾತ್ರೆಯನ್ನು ಬಹಳ ಜನ ಸುಮ್ನೆ ನುಂಗಿದರು. ಇದು ಹುಳುವಿನ ಮದ್ದು, ವೈರಸ್ಸಿನದ್ದಲ್ಲ. ಎಷ್ಟು ಸಲ ಹೇಳಿದರೂ ಜನ ಕೇಳಲಿಲ್ಲ.

ಸಮಯ ಜಾಸ್ತಿ ಇಲ್ಲ, ಬೇಗ ಹೇಳುತ್ತೇನೆ. ಬಿಹಾರದ ಕಡೆ ಕಾಡಿದ ಕಾಳಾ ಅಜಾರ್ ಎಂಬ ರೋಗಕ್ಕೆ ಕೊಡುವ ಆಂಫೊಟೆರಿಸಿನ್ ಎಂಬ ಮದ್ದು ಕೂಡ ಸ್ಟ್ರೆಪ್ಟೊಮೈಸಿಸ್‌ನದೇ. ಅದು ವೆನೆಜುವೆಲಾದ ಒರಿನೋಕೊ ನದಿಯ ಕಡೆಯ ಮಣ್ಣಲ್ಲಿ ಸಿಕ್ಕಿತು. ಎಲ್ಲಿ ನೋಡಿದರೂ ಮಣ್ಣೇ. ನಮ್ಮ ಹೊಲಗಳ ಮಣ್ಣಲ್ಲಿ ಏನಿದೆ ಎಂದು ಕೆದಕಿ ನೋಡುವ ಹುಡುಗ ಹುಡುಗಿಯರು ಇನ್ನೂ ಎಷ್ಟೋ ಜನ ಬೇಕು. ಈ ಮಾತು ಕೇಳುತ್ತಿರುವ ಪಿಯುಸಿ ಮಕ್ಕಳಿಗೆ ಹೇಳುತ್ತಿದ್ದೇನೆ, ಬನ್ನಿ.

ಈಗ ಯಾದಗಿರಿ ಕಡೆಯ ಕೇಳುಗರಿಗೆ. ಹುಳುವಿನಿಂದಲೇ ಬರುವ ಆನೆಕಾಲು ರೋಗಕ್ಕೆ ಮೂರು ಮದ್ದು ಒಟ್ಟಿಗೆ ಕೊಡುವ ಕೆಲಸ ದೇಶದಲ್ಲಿ ಮೊದಲು ಶುರುವಾದ ಐದು ಜಿಲ್ಲೆಗಳಲ್ಲಿ ನಿಮ್ಮದೂ ಒಂದು. ಆ ಮೂರರಲ್ಲಿ ಒಂದು ಈ ಐವರ್ಮೆಕ್ಟಿನ್. ಮಾತ್ರೆ ಇಸಿದುಕೊಂಡು ಆಮೇಲೆ ನುಂಗೋಣ ಎಂದು ಗೂಡಿನಲ್ಲಿ ಇಡಬೇಡಿ. ಊಟ ಮಾಡಿ, ಕೊಟ್ಟವರ ಎದುರಿಗೇ ನುಂಗಿ. ಬಸುರಿಯರು, ತೀರ ಹುಷಾರಿಲ್ಲದವರು ಮೊದಲೇ ಹೇಳಿಬಿಡಿ. ಒಂದೆರಡು ದಿನ ಜ್ವರ, ತಲೆನೋವು ಬಂದರೆ ಹೆದರಬೇಡಿ, ಒಳಗೆ ಹುಳು ಸಾಯುತ್ತಿದೆ. ಆಶಾ ಕಾರ್ಯಕರ್ತೆ ಬಂದು ಎತ್ತರ ಅಳೆಯಬೇಕು, ಗೋಡೆಗೆ ಒರಗಿ ನಿಲ್ಲಿ ಎಂದರೆ, ಮದ್ದಿಗೂ ಎತ್ತರಕ್ಕೂ ಏನು ಸಂಬಂಧ ಎಂದು ಜಗಳ ತೆಗೆಯಬೇಡಿ. ಸಂಬಂಧ ಏನು ಎಂದು ನಿಮಗೆ ಈಗ ಗೊತ್ತಾಯಿತಲ್ಲ. ಚಪ್ಪಲಿ ಬಿಟ್ಟು, ನೆಟ್ಟಗೆ ನಿಲ್ಲಿ.

ನಮಸ್ಕಾರ.