ಗವರ್ನರ್ ಕುರ್ಚಿಗೆ ಎರಡನೇ ಸಲ: ಕೆಂಟಕಿಯ ಮತದಾರರು ಮಾಡಿದ ತೀರ್ಮಾನ

ಎಲ್ಲರಿಗೂ ನಮಸ್ಕಾರ.

ಗವರ್ನರ್ ಎಂದರೆ ನಮಗೆ ನೆನಪಾಗುವುದು ರಾಜಭವನ. ರಾಷ್ಟ್ರಪತಿಗಳು ನೇಮಿಸಿದವರು, ಅಧಿವೇಶನದ ಮೊದಲ ದಿನ ಸರ್ಕಾರ ಬರೆದುಕೊಟ್ಟ ಭಾಷಣ ಓದುವವರು. ಆ ಚಿತ್ರವನ್ನು ಇವತ್ತಿನ ಮಟ್ಟಿಗೆ ಪಕ್ಕಕ್ಕಿಡಿ. ಅಮೆರಿಕದ ಗವರ್ನರ್ ಮಾಡುವುದು ನಮ್ಮ ಮುಖ್ಯಮಂತ್ರಿಯ ಕೆಲಸ. ಆದರೆ ಅವರನ್ನು ಆರಿಸುವುದು ಶಾಸಕರಲ್ಲ, ಇಡೀ ರಾಜ್ಯದ ಮತದಾರರು ನೇರವಾಗಿ ಆರಿಸುತ್ತಾರೆ. ಅವಿಶ್ವಾಸ ನಿರ್ಣಯದಿಂದ ಅವರನ್ನು ಇಳಿಸಲಾಗದು. ಹಾಗಾಗಿ ಶಾಸನಸಭೆ ಒಂದು ಪಕ್ಷದ ಕೈಯಲ್ಲಿದ್ದು ಗವರ್ನರ್ ಇನ್ನೊಂದು ಪಕ್ಷದವರಾಗಿದ್ದರೂ ನಾಲ್ಕು ವರ್ಷ ಸರ್ಕಾರ ನಡೆಯುತ್ತದೆ.

ಇಂಥ ಹಾಲಿ ಗವರ್ನರ್ ಮತ್ತೆ ಜನರ ಮುಂದೆ ಬಂದು ಇನ್ನೊಂದು ಅವಧಿ ಕೊಡಿ ಎಂದಾಗ ಮತದಾರ ಏನನ್ನು ತೂಗಿ ನೋಡುತ್ತಾನೆ? ಪಕ್ಷವನ್ನೋ, ಮನುಷ್ಯನನ್ನೋ? ಈ ಪ್ರಶ್ನೆಗೆ ಕೆಂಟಕಿಯಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಅಲ್ಲಿ 2019ರಲ್ಲಿ ಒಬ್ಬ ಹಾಲಿ ಗವರ್ನರ್ ಸೋತರು. ಅವರನ್ನು ಸೋಲಿಸಿದವರು 2023ರಲ್ಲಿ ತಾವೇ ಹಾಲಿ ಗವರ್ನರ್ ಆಗಿ ನಿಂತು ಗೆದ್ದರು. ರಾಜ್ಯ ಅದೇ, ಮತದಾರರೂ ಹೆಚ್ಚುಕಡಿಮೆ ಅವರೇ.

ಸ್ವಲ್ಪ ಹಿನ್ನೆಲೆ. ಕೆಂಟಕಿಯಲ್ಲಿ ಬಹುಕಾಲ ಗವರ್ನರ್ ಬೆನ್ನುಬೆನ್ನಿಗೆ ಎರಡನೇ ಸಲ ನಿಲ್ಲುವ ಹಾಗೇ ಇರಲಿಲ್ಲ. 1992ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದ ಮೇಲೆ ಆ ದಾರಿ ತೆರೆಯಿತು. 1999ರಲ್ಲಿ ಪಾಲ್ ಪ್ಯಾಟನ್ ಮರುಆಯ್ಕೆಯಾದರು. 2007ರಲ್ಲಿ ಎರ್ನಿ ಫ್ಲೆಚರ್ ಪ್ರಯತ್ನಿಸಿ, ಸರ್ಕಾರಿ ನೇಮಕಾತಿಯ ಹಗರಣದ ಭಾರಕ್ಕೆ ಕುಸಿದರು. ಅವರನ್ನು ಸೋಲಿಸಿದವರು ಸ್ಟೀವ್ ಬೆಶಿಯರ್. ಅವರು 2011ರಲ್ಲಿ ಇನ್ನೊಮ್ಮೆ ಗೆದ್ದರು. ಈ ಸ್ಟೀವ್ ಅವರ ಮಗನೇ ನಮ್ಮ ಕಥೆಯ ಆಂಡಿ ಬೆಶಿಯರ್, ಅಪ್ಪನ ಹಾಗೆ ಡೆಮಾಕ್ರಟಿಕ್ ಪಕ್ಷದವರು. ಹಾಲಿ ಗವರ್ನರನ್ನು ಅಪ್ಪ ಒಮ್ಮೆ ಇಳಿಸಿದರು, ಹನ್ನೆರಡು ವರ್ಷದ ಮೇಲೆ ಮಗ ಇನ್ನೊಬ್ಬರನ್ನು ಇಳಿಸಿದರು.

ಮಗ ಇಳಿಸಿದ್ದು ರಿಪಬ್ಲಿಕನ್ ಪಕ್ಷದ ಮ್ಯಾಟ್ ಬೆವಿನ್ ಅವರನ್ನು. ಡೊನಾಲ್ಡ್ ಟ್ರಂಪ್ 2016ರಲ್ಲಿ ಕೆಂಟಕಿಯನ್ನು ಸುಮಾರು 30 ಶೇಕಡಾ ಅಂಶಗಳ ಅಂತರದಿಂದ ಗೆದ್ದಿದ್ದರು. ಅಂಥ ರಾಜ್ಯದಲ್ಲಿ ರಿಪಬ್ಲಿಕನ್ ಗವರ್ನರ್ ಸೋಲುವುದೆಂದರೆ ಸಣ್ಣ ಮಾತಲ್ಲ. ಬೆವಿನ್ ಸೋಲಿನ ಬೀಜ ಇದ್ದದ್ದು ಮೇಷ್ಟ್ರುಗಳ ಪಿಂಚಣಿಯಲ್ಲಿ.

ಪಿಂಚಣಿ ನಿಧಿ ಬರಿದಾಗಿದ್ದುದು ನಿಜ. ಹಲವು ವರ್ಷ ಹಲವು ಸರ್ಕಾರಗಳು ತಮ್ಮ ಪಾಲು ತುಂಬದೆ ಬಿಟ್ಟಿದ್ದವು. ಅದನ್ನು ಸರಿಪಡಿಸಲೇಬೇಕು ಎಂದ ಬೆವಿನ್ ಮಾತಿನಲ್ಲಿ ಹುರುಳಿತ್ತು, ಇದನ್ನು ನಾನು ಒಪ್ಪುತ್ತೇನೆ. ಆದರೆ ನಡೆದ ರೀತಿ ನೋಡಿ. 2018ರ ಮಾರ್ಚ್ ಕೊನೆಯಲ್ಲಿ ಶಾಸನಸಭೆಯ ಮುಂದೆ ಒಳಚರಂಡಿಗೆ ಸಂಬಂಧಿಸಿದ ಒಂದು ಮಸೂದೆ ಇತ್ತು. ಅದರ ಒಡಲನ್ನು ಪೂರ್ತಿ ಬಗೆದು ತೆಗೆದು, ಒಳಗೆ ಪಿಂಚಣಿ ಮಸೂದೆ ತುಂಬಿ, ಒಂದೇ ದಿನದಲ್ಲಿ ಎರಡೂ ಸದನಗಳಲ್ಲಿ ಪಾಸು ಮಾಡಿಬಿಟ್ಟರು. ಬೆವಿನ್ ಸಹಿ ಹಾಕಿದರು. ಬೆಳಗಾಗುವಷ್ಟರಲ್ಲಿ ತಮ್ಮ ಮುಪ್ಪಿನ ಲೆಕ್ಕಾಚಾರವೇ ಬದಲಾಗಿದೆ ಎಂದು ಮೇಷ್ಟ್ರುಗಳಿಗೆ ಗೊತ್ತಾಯಿತು. ಅವರು ಶಾಲೆ ಬಿಟ್ಟು ರಾಜಧಾನಿ ಫ್ರಾಂಕ್‌ಫರ್ಟ್‌ಗೆ ನುಗ್ಗಿದರು.

ಆಗ ಗವರ್ನರ್ ಬಾಯಿಂದ ಬಂದ ಮಾತನ್ನು ಹೇಳುವಾಗ ನನಗೆ ಈಗಲೂ ಕಸಿವಿಸಿಯಾಗುತ್ತದೆ. ಶಿಕ್ಷಕರು ಶಾಲೆಗೆ ಬಾರದೆ ಮನೆಯಲ್ಲಿ ಒಂಟಿಯಾಗಿ ಉಳಿದ ಯಾವುದೋ ಮಗುವಿನ ಮೇಲೆ ಅವತ್ತು ಲೈಂಗಿಕ ದೌರ್ಜನ್ಯ ನಡೆದಿರುವುದು ಖಂಡಿತ ಎಂದರು ಅವರು. ಆಮೇಲೆ ಕ್ಷಮೆ ಕೇಳಿದರು, ನಿಜ. ಆದರೆ ಕೆಂಟಕಿಯ ಹಳ್ಳಿಗಳಲ್ಲಿ ಶಾಲೆಯೇ ಊರಿನ ದೊಡ್ಡ ಉದ್ಯೋಗದಾತ. ಮೇಷ್ಟ್ರು ಎಂದರೆ ಯಾರದೋ ಅಕ್ಕ, ಯಾರದೋ ಹೆಂಡತಿ, ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವ ಪಕ್ಕದ ಮನೆಯವನು. ಆ ಮಾತು ಚುಚ್ಚಿದ್ದು ಒಂದು ಸಂಘಟನೆಯನ್ನಲ್ಲ, ಮನೆಮನೆಯನ್ನು.

ಆ ಕಾನೂನನ್ನು ಕೋರ್ಟಿಗೆ ಎಳೆದವರು ಆಗಿನ ಅಟಾರ್ನಿ ಜನರಲ್, ಅಂದರೆ ಜನರೇ ಆರಿಸುವ ರಾಜ್ಯದ ಮುಖ್ಯ ಕಾನೂನು ಅಧಿಕಾರಿ, ಆಂಡಿ ಬೆಶಿಯರ್. ಮಸೂದೆಯನ್ನು ಪ್ರತಿ ಸದನದಲ್ಲೂ ಮೂರು ಬೇರೆ ಬೇರೆ ದಿನ ಓದಬೇಕೆಂದು ರಾಜ್ಯದ ಸಂವಿಧಾನ ಹೇಳುತ್ತದೆ. ಹಾಗೆ ಓದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಕಾನೂನನ್ನು ರದ್ದು ಮಾಡಿತು. ಬೆಶಿಯರ್ ಮರುವರ್ಷ ಗವರ್ನರ್ ಹುದ್ದೆಗೆ ನಿಂತಾಗ ಲೆಫ್ಟಿನೆಂಟ್ ಗವರ್ನರ್, ಅಂದರೆ ಉಪ ಗವರ್ನರ್ ಅಭ್ಯರ್ಥಿಯಾಗಿ ಜತೆಗೆ ಕರೆದುಕೊಂಡದ್ದು ಜ್ಯಾಕ್ವೆಲಿನ್ ಕೋಲ್ಮನ್ ಅವರನ್ನು. ಅವರು ಶಾಲೆಯಲ್ಲಿ ಕೆಲಸ ಮಾಡುತ್ತಿದ್ದವರು.

ಮತದಾನದ ಹಿಂದಿನ ದಿನ, 2019ರ ನವೆಂಬರ್ 4ರಂದು, ಟ್ರಂಪ್ ಸ್ವತಃ ಲೆಕ್ಸಿಂಗ್ಟನ್‌ಗೆ ಬಂದು ಬೆವಿನ್ ಪರ ದೊಡ್ಡ ಸಭೆ ನಡೆಸಿದರು. ಫಲಿತಾಂಶ: ಬೆಶಿಯರ್‌ಗೆ ಸುಮಾರು 5 ಸಾವಿರ ಮತಗಳ ಗೆಲುವು. ಅದೇ ದಿನ ರಾಜ್ಯಮಟ್ಟದ ಉಳಿದ ಎಲ್ಲ ಹುದ್ದೆಗಳೂ ರಿಪಬ್ಲಿಕನ್ನರ ಪಾಲಾದವು. ಜನ ಪಕ್ಷ ಬಿಟ್ಟಿರಲಿಲ್ಲ, ಒಬ್ಬ ವ್ಯಕ್ತಿಯನ್ನು ಮಾತ್ರ ಬಿಟ್ಟಿದ್ದರು.

ಹಾಗಾದರೆ ಬೆಶಿಯರ್ ಗೆದ್ದದ್ದು ಎದುರಾಳಿಯ ತಪ್ಪಿನಿಂದ. ನಾಲ್ಕು ವರ್ಷದ ಮೇಲೆ ಅವರ ಎದುರು ಬೆವಿನ್ ಇರುವುದಿಲ್ಲ. ಅವರ ಕೈಯಲ್ಲಿ ಅಧಿಕಾರವಾದರೂ ಎಷ್ಟಿತ್ತು? ಎರಡೂ ಸದನಗಳಲ್ಲಿ ರಿಪಬ್ಲಿಕನ್ನರ ಭಾರೀ ಬಹುಮತ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಗವರ್ನರ್ ವೀಟೋವನ್ನು, ಅಂದರೆ ಮಸೂದೆಯನ್ನು ತಿರಸ್ಕರಿಸಿದ ತೀರ್ಮಾನವನ್ನು, ಮೀರಲು ಮೂರನೇ ಎರಡರಷ್ಟೋ ಐದನೇ ಮೂರರಷ್ಟೋ ಮತ ಬೇಕು. ಕೆಂಟಕಿಯಲ್ಲಿ ಒಟ್ಟು ಸದಸ್ಯರ ಸರಳ ಬಹುಮತವಿದ್ದರೆ ಸಾಕು. 100 ಜನರ ಕೆಳಮನೆಯಲ್ಲಿ 51, 38 ಜನರ ಮೇಲ್ಮನೆಯಲ್ಲಿ 20. ಬೆಶಿಯರ್ ವೀಟೋ ಮಾಡುತ್ತಲೇ ಹೋದರು, ಸದನಗಳು ತಳ್ಳಿಹಾಕುತ್ತಲೇ ಹೋದವು.

ಕಾನೂನು ಮಾಡಲಾಗದ ಗವರ್ನರ್ ಬಳಿ ಏನು ಉಳಿಯುತ್ತದೆ? ಕಷ್ಟಕಾಲದಲ್ಲಿ ಜನರ ಮುಂದೆ ಬಂದು ನಿಲ್ಲುವುದು. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇಲ್ಲಿದೆ. ಅಧಿಕಾರಕ್ಕೆ ಬಂದ ಮೂರೇ ತಿಂಗಳಿಗೆ ಕೋವಿಡ್ ಬಂತು. ಬೆಶಿಯರ್ ಸಂಜೆ ಹೊತ್ತು ನೇರ ಪ್ರಸಾರದಲ್ಲಿ ಕೂತು ಲೆಕ್ಕ ಕೊಟ್ಟರು, ತೀರಿಕೊಂಡವರ ನೆನಪಿಗೆ ಮನೆಗಳಲ್ಲಿ ಹಸಿರು ದೀಪ ಹಚ್ಚಿ ಎಂದರು. ಲಾಕ್‌ಡೌನ್ ವಿರೋಧಿಗಳು 2020ರ ಮೇ ತಿಂಗಳಲ್ಲಿ ಅವರ ಪ್ರತಿಕೃತಿಯನ್ನು ಮರಕ್ಕೆ ನೇಣು ಹಾಕಿದರು.

2021ರ ಡಿಸೆಂಬರ್ 10ರ ರಾತ್ರಿ ಪಶ್ಚಿಮ ಕೆಂಟಕಿಯನ್ನು ಸುಂಟರಗಾಳಿ ಸೀಳಿಕೊಂಡು ಹೋಯಿತು. 70ಕ್ಕೂ ಹೆಚ್ಚು ಜನ ಸತ್ತರು. ಮೇಫೀಲ್ಡ್ ಊರಿನ ಮೇಣದಬತ್ತಿ ಕಾರ್ಖಾನೆ ರಾತ್ರಿ ಪಾಳಿಯವರ ಮೇಲೆ ಕುಸಿಯಿತು. ಡಾಸನ್ ಸ್ಪ್ರಿಂಗ್ಸ್ ನುಚ್ಚುನೂರಾಯಿತು. ಅದು ಬೆಶಿಯರ್ ಅವರ ಅಪ್ಪನ ಊರು. 2022ರ ಜುಲೈ ಕೊನೆಯಲ್ಲಿ ಪೂರ್ವದ ಬೆಟ್ಟಸೀಮೆಯಲ್ಲಿ ನೆರೆ ಬಂದು 40ಕ್ಕೂ ಹೆಚ್ಚು ಜನರನ್ನು ಕೊಚ್ಚಿಕೊಂಡು ಹೋಯಿತು. ಅಲ್ಲಿ ಮನೆಗಳಿದ್ದದ್ದು ಕಡಿದಾದ ಗುಡ್ಡಗಳ ನಡುವೆ, ಹಳ್ಳದ ದಡದ ಕಿರಿದಾದ ಪಟ್ಟಿಯಲ್ಲಿ. ಅದೇ ಜಾಗದಲ್ಲಿ ಮತ್ತೆ ಕಟ್ಟಿದರೆ ಮತ್ತೆ ಮುಳುಗುತ್ತದೆ. ಅದಕ್ಕೇ ಕಲ್ಲಿದ್ದಲು ಗಣಿಗಾಗಿ ಬೆಟ್ಟದ ತಲೆ ಕತ್ತರಿಸಿ ಸಮತಟ್ಟಾಗಿದ್ದ ಎತ್ತರದ ನೆಲವನ್ನು ಹುಡುಕಿ, ಅಲ್ಲಿ ಹೊಸ ಬಡಾವಣೆಗಳಿಗೆ ಯೋಜನೆ ಹಾಕಿದರು. ಗವರ್ನರ್ ಆ ಊರುಗಳಿಗೆ ಒಂದೇ ಸಲ ಬಂದು ಫೋಟೋ ತೆಗೆಸಿಕೊಂಡು ಹೋಗಲಿಲ್ಲ, ಮತ್ತೆ ಮತ್ತೆ ಹೋದರು.

2023ರ ಎದುರಾಳಿ ಡೇನಿಯಲ್ ಕ್ಯಾಮರೂನ್. ಕೆಂಟಕಿಯ ಅಟಾರ್ನಿ ಜನರಲ್ ಆದ ಮೊದಲ ಕಪ್ಪು ವರ್ಣೀಯರು, ಯುವಕರು, ಟ್ರಂಪ್ ಬೆಂಬಲ ಪಡೆದವರು. ಬೆಶಿಯರ್ ಎಂದರೆ ಅವರದೇ ಪಕ್ಷದ ಆಗಿನ ಅಧ್ಯಕ್ಷ ಬೈಡನ್ ಎಂದು ಸಾಬೀತು ಮಾಡುವುದೇ ಅವರ ಪ್ರಚಾರದ ಮುಖ್ಯ ದಾರಿ. ಬೈಡನ್ 2020ರಲ್ಲಿ ಇಲ್ಲಿ 26 ಅಂಶಗಳಿಂದ ಸೋತಿದ್ದರಿಂದ ಅದು ದಡ್ಡ ಲೆಕ್ಕವೇನಲ್ಲ. ಬೆಶಿಯರ್ ತಂಡವಾದರೂ ಕುಟುಕದೆ ಬಿಡಲಿಲ್ಲ. ಅತ್ಯಾಚಾರಕ್ಕೆ ಒಳಗಾದವರಿಗೂ ವಿನಾಯಿತಿ ಕೊಡದ ರಾಜ್ಯದ ಗರ್ಭಪಾತ ನಿಷೇಧದ ಬಗ್ಗೆ, ಬಾಲ್ಯದಲ್ಲಿ ಆ ನೋವು ಉಂಡ ಯುವತಿಯೊಬ್ಬಳು ಕ್ಯಾಮೆರಾ ಮುಂದೆ ಕೂತು ಕ್ಯಾಮರೂನ್ ಅವರನ್ನು ನೇರವಾಗಿ ಪ್ರಶ್ನಿಸಿದ ಜಾಹೀರಾತು ರಾಜ್ಯವನ್ನೇ ಅಲುಗಾಡಿಸಿತು. ಬೆಶಿಯರ್ ಗೆಲುವಿಗೆ ಸೇವೆಯೊಂದೇ ಕಾರಣ ಎಂದರೆ ನಾನು ಅರ್ಧ ಸತ್ಯ ಹೇಳಿದಂತೆ. ಈ ಜಾಹೀರಾತೂ, ಅಪ್ಪನ ಹೆಸರೂ ಲೆಕ್ಕಕ್ಕೆ ಬರುತ್ತವೆ.

ಆದರೂ ನವೆಂಬರ್ 7ರ ಫಲಿತಾಂಶದ ನಕ್ಷೆ ಹಿಡಿದು ಕೂತರೆ ಕಣ್ಣು ಹೋಗಿ ನಿಲ್ಲುವುದು ಲೆಚರ್ ಕೌಂಟಿಯ ಮೇಲೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ; ನೆರೆಯಲ್ಲಿ ಮುಳುಗಿದ ಬೆಟ್ಟದ ಕೌಂಟಿ ಅದು. 2020ರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮತವನ್ನು ಟ್ರಂಪ್‌ಗೆ ಕೊಟ್ಟಿತ್ತು. 2023ರಲ್ಲಿ ಅದು ಡೆಮಾಕ್ರಟ್ ಗವರ್ನರ್ ಕಡೆ ವಾಲಿತು. ಇಡೀ ರಾಜ್ಯದಲ್ಲಿ ಗೆಲುವಿನ ಅಂತರ 5 ಸಾವಿರದಿಂದ ಸುಮಾರು 67 ಸಾವಿರಕ್ಕೆ ಏರಿತು.

ಇದು ಡೆಮಾಕ್ರಟಿಕ್ ಪಕ್ಷದ ಗೆಲುವು ಎಂದು ಯಾರಾದರೂ ಬರೆದರೆ ನಂಬಬೇಡಿ. ಅವತ್ತೂ ರಾಜ್ಯಮಟ್ಟದ ಬೇರೆ ಹುದ್ದೆಗಳನ್ನೆಲ್ಲ ಗೆದ್ದವರು ರಿಪಬ್ಲಿಕನ್ನರು. ಒಂದು ವರ್ಷದ ಮೇಲೆ, 2024ರ ನವೆಂಬರ್‌ನಲ್ಲಿ, ಅದೇ ಕೆಂಟಕಿ ಟ್ರಂಪ್‌ಗೆ 30 ಅಂಶಗಳಿಗೂ ಹೆಚ್ಚಿನ ಮುನ್ನಡೆ ಕೊಟ್ಟಿತು. ಸತತ ಮೂರನೇ ಅವಧಿಗೆ ಅಲ್ಲಿನ ಸಂವಿಧಾನದಲ್ಲಿ ಅವಕಾಶವಿಲ್ಲದ ಕಾರಣ 2027ರಲ್ಲಿ ಬೆಶಿಯರ್ ನಿಲ್ಲುವಂತಿಲ್ಲ. ಲೆಚರ್ ಕೌಂಟಿಯ ಜನ ಆಗ ಒಬ್ಬ ಹೊಸಬರ ಬಗ್ಗೆ ತೀರ್ಮಾನ ಮಾಡಬೇಕಾಗುತ್ತದೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.