ತಲಪಾಡಿಯ ಈಚೆ ಕೂತು ಡಿಗ್ರಿ ಓದುವವರಿಗೆ

ಕೇಳುಗರಿಗೆ ನಮಸ್ಕಾರ.

ಪ್ಲಸ್ ಟು ಮುಗಿಸಿ ಅಂಗಡಿಗೋ ತೋಟಕ್ಕೋ ಗಲ್ಫಿಗೋ ಹೋದವರು, ಮದುವೆಯಾಗಿ ಓದು ಬಿಟ್ಟವರು ನಮ್ಮ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಬೇಕಾದಷ್ಟಿದ್ದಾರೆ. ಮನೆಯಲ್ಲೇ ಕೂತು ಡಿಗ್ರಿ ಮಾಡಬಹುದಂತಲ್ಲ, ಅದು ನಡೆಯುವುದು ಹೇಗೆ ಎಂದು ಅವರು ಕೇಳುತ್ತಾರೆ. ಇವತ್ತಿನ ಮಾತು ಅವರಿಗಾಗಿ.

ಮೊದಲೆಲ್ಲ ಇದು ಪೋಸ್ಟ್‌ಮ್ಯಾನ್ ತಂದುಕೊಡುತ್ತಿದ್ದ ಓದೇ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಶುರುಮಾಡಿತು, ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ. ಮೈಸೂರಿನ ಆ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಇಡೀ ದೇಶಕ್ಕೆಂದು ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಹುಟ್ಟಿದ್ದು 1985ರಲ್ಲಿ. ಕೇರಳಕ್ಕೆ ತನ್ನದೇ ಮುಕ್ತ ವಿಶ್ವವಿದ್ಯಾಲಯ ಬಂದದ್ದು ತೀರಾ ಈಚೆಗೆ, 2020ರಲ್ಲಿ; ಕೊಲ್ಲಂನ ಶ್ರೀನಾರಾಯಣ ಗುರು ವಿಶ್ವವಿದ್ಯಾಲಯ.

ಇಷ್ಟಿದ್ದರೂ ಗಡಿಯ ನಮಗೆ ಒಂದು ತೊಡಕಿದೆ. ರಾಜ್ಯದ ಮುಕ್ತ ವಿಶ್ವವಿದ್ಯಾಲಯ ತನ್ನ ರಾಜ್ಯದ ಹೊರಗೆ ಕಲಿಕಾ ಕೇಂದ್ರ ತೆರೆಯುವಂತಿಲ್ಲ ಎಂಬುದು ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ಯುಜಿಸಿಯ ನಿಯಮ. ಹಾಗಾಗಿ ಮೈಸೂರಿನ ಪಾಠ ಕನ್ನಡದಲ್ಲಿದ್ದರೂ ಅದರ ಕೇಂದ್ರ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಇರುವುದಿಲ್ಲ. ತರಗತಿ, ಪರೀಕ್ಷೆ ಎಂದರೆ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗಲೇಬೇಕು. ನಿಮ್ಮೂರಲ್ಲೇ ಕೇಂದ್ರವಿದೆ, ಪರೀಕ್ಷೆಯನ್ನೂ ಇಲ್ಲೇ ಬರೆಯಬಹುದು ಎಂದು ಯಾರಾದರೂ ಬೋರ್ಡು ಹಾಕಿದ್ದರೆ ದುಡ್ಡು ಕೊಡುವ ಮೊದಲು ಅನುಮಾನಪಡಿ. ಪೂರ್ತಿ ಆನ್‌ಲೈನ್ ಕೋರ್ಸುಗಳಿಗೆ ಮಾತ್ರ ಈ ಗಡಿಯ ಕಟ್ಟಿಲ್ಲ. ಇಗ್ನೋಗೂ ಇಲ್ಲ, ಕಾಸರಗೋಡು ಜಿಲ್ಲೆ ಅದರ ವಡಗರ ಪ್ರಾದೇಶಿಕ ಕೇಂದ್ರಕ್ಕೆ ಸೇರುತ್ತದೆ.

ಮಾನ್ಯತೆಯನ್ನು ನೋಡುವಾಗ ವಿಶ್ವವಿದ್ಯಾಲಯದ ಹೆಸರೊಂದನ್ನೇ ನೋಡಿದರೆ ಸಾಲದು. ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಅದು ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೋಡಬೇಕು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿತು. ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಗಳ ಪಾಡು ಕರ್ನಾಟಕದವರಿಗೆಲ್ಲ ಗೊತ್ತು. ಮಾನ್ಯತೆ ಇದ್ದ ಡಿಗ್ರಿ ಮಾತ್ರ ಕಾಲೇಜಿನ ಡಿಗ್ರಿಗೆ ಸಮ, 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಇಂಜಿನಿಯರಿಂಗ್, ಕಾನೂನು ಇತ್ಯಾದಿ ಡಿಗ್ರಿಗಳು ಈ ದಾರಿಯಲ್ಲಿ ಸಿಗುವುದಿಲ್ಲ.

ಇನ್ನು ಓದಿನ ವಿಚಾರ. ಇಗ್ನೋವನ್ನೇ ಇಟ್ಟುಕೊಂಡು ಹೇಳುತ್ತೇನೆ. ಜನವರಿ, ಜುಲೈ ಎಂದು ವರ್ಷಕ್ಕೆ ಎರಡು ಸಲ ಪ್ರವೇಶ; ಜೂನ್, ಡಿಸೆಂಬರಿನಲ್ಲಿ ಪರೀಕ್ಷೆ. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಆರು ಕ್ರೆಡಿಟ್ಟಿನ ಒಂದೇ ಒಂದು ವಿಷಯಕ್ಕೆ 180 ಗಂಟೆ ಬೇಕು. ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ ಅದೊಂದಕ್ಕೇ ಆರು ತಿಂಗಳು! ಪರೀಕ್ಷೆಗೆ ಹದಿನೈದು ದಿನ ಇರುವಾಗ ಪುಸ್ತಕ ಬಿಡಿಸುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಥಿಯರಿ ವಿಷಯಗಳಿಗೆ ಕೌನ್ಸೆಲಿಂಗ್, ಅಂದರೆ ಕೇಂದ್ರದಲ್ಲಿ ನಡೆಯುವ ಪಾಠದ ತರಗತಿ ಕಡ್ಡಾಯವಲ್ಲ, ಪ್ರಾಕ್ಟಿಕಲ್ ಇದ್ದರೆ ತಪ್ಪಿಸುವಂತಿಲ್ಲ.

ಅಂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 70 ಪರೀಕ್ಷೆಗೆ, 30 ಅಸೈನ್‌ಮೆಂಟಿಗೆ. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು. ಈ ಅಸೈನ್‌ಮೆಂಟನ್ನು ನಮ್ಮವರು ಕೇವಲ ಕಾಟಾಚಾರಕ್ಕೆ ಬರೆಯುತ್ತಾರೆ. ಬರೆದಿಟ್ಟ ಉತ್ತರವನ್ನು ಝೆರಾಕ್ಸ್ ತಂದು, ಕೈಬರಹದಲ್ಲೇ ಇರಬೇಕು ಎಂಬ ನಿಯಮಕ್ಕಾಗಿ ರಾತ್ರಿಯೆಲ್ಲ ನಕಲು ಮಾಡುವವರೂ ಇದ್ದಾರೆ. ನಕಲಿಗೆ ಹಾಕುವ ಅಷ್ಟೇ ಹೊತ್ತಿನಲ್ಲಿ ಪಾಠ ಓದಿ ಬರೆಯಬಹುದು! ಮೇಷ್ಟ್ರಿಲ್ಲದ ಈ ಓದಿನಲ್ಲಿ ನಿಮ್ಮ ಬರಹವನ್ನು ಇನ್ನೊಬ್ಬರು ಓದಿ ಗುರುತು ಹಾಕುವ ಜಾಗ ಅದೊಂದೇ. ಪ್ರಶ್ನೆಗಳು ವರ್ಷ ವರ್ಷ ಬದಲಾಗುತ್ತವೆ, ಹಾಗಾಗಿ ಅಣ್ಣ ಬರೆದದ್ದು ತಂಗಿಗೆ ಆಗುವುದಿಲ್ಲ. ಕೊಟ್ಟು ಬಂದಾಗ ಕೇಂದ್ರದಿಂದ ರಸೀದಿ ಕೇಳಿ ಪಡೆಯಿರಿ. ಅಂಕ ಆನ್‌ಲೈನಿನಲ್ಲಿ ದಾಖಲಾಗದೆ ಹೋದಾಗ ಬೇರೆ ಸಾಕ್ಷಿ ಇರುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಕಷ್ಟ ಬೇರೆಯೇ. ಇಗ್ನೋದ ಹೆಚ್ಚಿನ ಪುಸ್ತಕಗಳು ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಒಂದು ಘಟಕ ಓದಿ ಅದರ ಸಾರವನ್ನು ಕನ್ನಡದಲ್ಲೇ ಅರ್ಧ ಪುಟ ಬರೆದುಕೊಳ್ಳಿ. ಉತ್ತರವನ್ನು ಆಮೇಲೆ ಪುಸ್ತಕದ ಭಾಷೆಯಲ್ಲಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ಘಟಕದ ನಡುವೆ ಬರುವ ಸ್ವಪರೀಕ್ಷೆಯ ಪ್ರಶ್ನೆಗಳನ್ನು ಹಾರಿಸಬೇಡಿ, ಉತ್ತರಗಳು ಕೊನೆಯ ಪುಟಗಳಲ್ಲೇ ಇರುತ್ತವೆ.

ನನ್ನ ಅಂದಾಜಿನಲ್ಲಿ, ಕಷ್ಟದ ಪಾಠಕ್ಕಿಂತ ತಪ್ಪಿದ ತಾರೀಕಿನಿಂದ ಓದು ಬಿಟ್ಟವರೇ ಹೆಚ್ಚು. ಮೊದಲ ವರ್ಷದ ಫಲಿತಾಂಶ ಬರಲಿ ಎಂದು ಕಾಯುತ್ತಾರೆ. ಕಾಯಬೇಕಾಗಿಲ್ಲ, ಪಾಸೋ ಫೇಲೋ, ಮುಂದಿನ ವರ್ಷಕ್ಕೆ ಮರುನೋಂದಣಿ ಮಾಡಿಸಿಕೊಳ್ಳಬಹುದು. ಪರೀಕ್ಷೆಯ ಫಾರಂ ಬೇರೆ, ಅದರ ಶುಲ್ಕವೂ ಬೇರೆ. ಪ್ರವೇಶಕ್ಕೆ ಕಟ್ಟಿದ ಹಣದಲ್ಲಿ ಅದು ಸೇರಿದೆ ಎಂದುಕೊಂಡವರಿಗೆ ಹಾಲ್ ಟಿಕೆಟ್ ಬರುವುದಿಲ್ಲ.

ಕೇರಳ ಪಿಎಸ್‌ಸಿ ಮೂಲಕ ಸಿಗುವ ಸರ್ಕಾರಿ ಕೆಲಸದ ಆಸೆ ಇದ್ದು ಕರ್ನಾಟಕದ ವಿಶ್ವವಿದ್ಯಾಲಯ ಸೇರುವವರಿದ್ದರೆ, ಆ ಡಿಗ್ರಿ ಇಲ್ಲಿಯ ಡಿಗ್ರಿಗೆ ಸಮ ಎನ್ನುವ ತತ್ಸಮಾನ ಪ್ರಮಾಣಪತ್ರದ ವಿಷಯವನ್ನು ಈಗಲೇ ವಿಚಾರಿಸಿಟ್ಟುಕೊಳ್ಳಿ. ಡಿಗ್ರಿ ಕೈಗೆ ಬಂದ ಮೇಲೆ ಓಡಾಡುವುದು ಬೇಡ.

ಈಗ ಪ್ರವೇಶಕ್ಕೆ ಮೊದಲು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಡೆಬ್ ಐಡಿ ಎಂಬ ಗುರುತು ಸಂಖ್ಯೆಯನ್ನು ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಬೇಕು. ಗೊತ್ತಾಗದಿದ್ದರೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ. ಆದರೆ ಅರ್ಜಿಯಲ್ಲಿ ಮೊಬೈಲ್ ನಂಬರು, ಇಮೇಲ್ ನಿಮ್ಮದೇ ಇರಲಿ. ಪಾಸ್‌ವರ್ಡನ್ನು ಮನೆಯ ಒಂದು ಪುಸ್ತಕದಲ್ಲಿ ಬರೆದಿಡಿ. ಪರೀಕ್ಷೆಯ ಸುದ್ದಿ, ಅಂಕ, ಹಾಲ್ ಟಿಕೆಟ್ ಎಲ್ಲವೂ ಸಿಗುವುದು ಆ ನಂಬರು, ಇಮೇಲ್, ಪಾಸ್‌ವರ್ಡಿನ ಮೂಲಕವೇ.

ನಮಸ್ಕಾರ.