ಎಲ್ಲಿ ಚೆನ್ನಾಗಿದೆ? ಬೆರಳಿಟ್ಟು ತೋರಿಸಿ

ನಮಸ್ಕಾರ, ವಿಜಯಪುರದಿಂದ. ಇವತ್ತು ಲೆನ್ಸ್‌ಗಳ ಬಗ್ಗೆ ಮಾತನಾಡುತ್ತೇನೆ ಎಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಒಂದು ಸಾಲು ಎರಡು ದಿನದಿಂದ ತಲೆ ಕೊರೆಯುತ್ತಿದೆ, ಅದನ್ನು ಹೊರಗೆ ಹಾಕದೆ ಬೇರೆ ಮಾತು ಬರುವುದಿಲ್ಲ.

ಕಳೆದ ಸಂಚಿಕೆಯಲ್ಲಿ ಬಾದಾಮಿಯ ಕಾಲೇಜು ಹುಡುಗಿಯೊಬ್ಬಳ ಫೋಟೋ ತೋರಿಸಿ, ಎಲ್ಲಿ ಕೆಟ್ಟಿದೆ ಎಂದು ಹೇಳಿದ್ದೆ. ಬೆಳಗಾವಿಯ ವೀಕ್ಷಕರೊಬ್ಬರು ಬರೆದಿದ್ದಾರೆ: ‘ಪಾಪ, ಮೊದಲ ಸಲ ಕಳಿಸಿದ ಮಗು. ಚೆನ್ನಾಗಿದೆ ಎಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಸರ್?’

ನನ್ನ ಗಂಟು ಹೋಗುತ್ತಿರಲಿಲ್ಲ. ಹೋಗುತ್ತಿದ್ದದ್ದು ಅವಳದು.

ಆ ಫೋಟೋ ಮತ್ತೆ ನೋಡಿ. ಅಗಸ್ತ್ಯ ತೀರ್ಥ ಕೆರೆಯ ಮೆಟ್ಟಿಲು, ಬೆಳಗಿನ ಹೊತ್ತು. ಹೆಂಗಸೊಬ್ಬಳು ಒದ್ದೆ ಸೀರೆಯನ್ನು ತಲೆಯ ಮೇಲೆತ್ತಿ ಕಲ್ಲಿಗೆ ಬಡಿಯಲಿದ್ದಾಳೆ. ಆಚೆ ಪೂರ್ವ ದಂಡೆಯಲ್ಲಿ ಭೂತನಾಥ ಗುಡಿ, ಅದರ ಹಿಂದಿನಿಂದ ಬಿಸಿಲು. ಸಿಡಿಯುವ ಒಂದೊಂದು ಹನಿಯೂ ಹೊಳೆಯಬೇಕಾದ ಬೆಳಕು ಅದು. ಆ ಹೊತ್ತಿಗೆ ಆ ಜಾಗದಲ್ಲಿ ಈ ಹುಡುಗಿ ಹೋಗಿ ನಿಂತಳಲ್ಲ, ಅವಳಿಗೆ ಕಣ್ಣಿದೆ. ಇದನ್ನೇ ನಾನು ಮೊದಲು ಹೇಳಿದ್ದು, ಬೇಕಾದರೆ ಹಳೆಯ ಸಂಚಿಕೆ ಕೇಳಿ. ಆದರೆ ಎದುರು ಬೆಳಕಿನಲ್ಲಿ ಗುಡಿಯೂ ಕಪ್ಪು, ಹೆಂಗಸಿನ ತಲೆಯೂ ಕಪ್ಪು. ಎರಡೂ ಅಂಟಿಕೊಂಡು, ಶಿಖರ ಅವಳ ನೆತ್ತಿಯಿಂದಲೇ ಮೊಳೆತಂತೆ ಕಾಣುತ್ತದೆ. ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ತಲೆಯ ಹಿಂದೆ ಬರೀ ಬೆಳಕಿರುತ್ತಿತ್ತು. ಶಟರ್ ತೆರೆದಿದ್ದದ್ದು ಸೆಕೆಂಡಿನ 1/60 ಭಾಗ, ಹನಿಗಳೆಲ್ಲ ಗೀರುಗಳಾಗಿವೆ. 1/1000 ಇಟ್ಟಿದ್ದರೆ ಅವು ಗಾಳಿಯಲ್ಲೇ ಮಣಿಗಳ ಹಾಗೆ ನಿಲ್ಲುತ್ತಿದ್ದವು.

‘ಚೆನ್ನಾಗಿದೆ’ ಎಂಬ ಮಾತಿನಲ್ಲಿ ಆ ಎರಡು ಹೆಜ್ಜೆ ಎಲ್ಲಿವೆ? ಬೆರಳಿಟ್ಟು ತೋರಿಸಿ.

ನಮ್ಮೂರಿನ ಗೋಳಗುಮ್ಮಟ ಮುಗಿದದ್ದು 1656ರಲ್ಲಿ. ಪಿಸುಮಾತಿನ ಗ್ಯಾಲರಿಗೆ ಹತ್ತಿ ಕೂಗಿದವರಿಗೆಲ್ಲ ಗೊತ್ತು, ಕೂಗಿದ್ದೇ ಮತ್ತೆ ಮತ್ತೆ ಮರಳಿ ಬರುತ್ತದೆ, ಹೊಸ ಮಾತೊಂದೂ ಬರುವುದಿಲ್ಲ. ನಮ್ಮ ಹವ್ಯಾಸಿಗಳ ಕೂಟಗಳೂ ಹಾಗೇ ಆಗಿವೆ. ನೀನು ನನ್ನದಕ್ಕೆ ಚೆನ್ನಾಗಿದೆ ಎನ್ನು, ನಾನು ನಿನ್ನದಕ್ಕೆ ಎನ್ನುತ್ತೇನೆ. ಅದೇ ಗುಮ್ಮಟದ ಫೋಟೋ ತೆಗೆದ ಹುಡುಗನ ಚಿತ್ರದಲ್ಲಿ ಮೂಲೆಯ ಗೋಪುರಗಳು ಒಳಕ್ಕೆ ವಾಲಿವೆ. ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆತ್ತಿದರೆ ವಾಲಲೇಬೇಕು. ಹಿಂದೆ ಸರಿದು ಕ್ಯಾಮೆರಾ ನೆಟ್ಟಗೆ ಹಿಡಿಯಪ್ಪಾ ಎಂದು ಹೇಳಲು ಅವನ ಸುತ್ತ ಒಬ್ಬರೂ ಇರಲಿಲ್ಲ. ಹೊಗಳಿದವರು ಮಾತ್ರ ನೂರು ಜನ.

ಹೊಸಬರ ಮನಸ್ಸು ನೋಯುತ್ತದಂತೆ! ಜೋಳದ ರೊಟ್ಟಿ ಬಡಿಯಲು ಕಲಿಯುವ ಮಗಳ ರೊಟ್ಟಿಯ ಅಂಚು ಸೀಳಿದರೆ ತಾಯಿ ‘ಹಿಟ್ಟು ಇನ್ನೂ ನಾದಬೇಕು’ ಎನ್ನುತ್ತಾಳೆ. ಯಾವ ಮಗಳು ಅಡುಗೆಮನೆ ಬಿಟ್ಟು ಓಡಿದ್ದಾಳೆ? ಇನ್ನು ಕೆಲವರು, ಕಲೆ ಅವರವರ ಕಣ್ಣಿಗೆ ಬಿಟ್ಟದ್ದು ಎನ್ನುತ್ತಾರೆ. ನೆತ್ತಿಯ ಮೇಲೆ ಗುಡಿ ಮೊಳೆತದ್ದು ಯಾರ ಕಣ್ಣಿಗೆ ಚೆಂದ, ಅವರನ್ನು ಕರೆದುಕೊಂಡು ಬನ್ನಿ.

ಬೈಯುವವರಿಗೂ ಇದೇ ಮಾತು. ‘ಕಸ, ಅಳಿಸಿ ಹಾಕು’ ಎನ್ನುವವರು ಚೆನ್ನಾಗಿದೆ ಎನ್ನುವವರಷ್ಟೇ ಸೋಮಾರಿಗಳು. ಎಲ್ಲಿ ಕಸ? ಬೆರಳಿಡಿ!

ಫಿಲ್ಮ್ ರೀಲಿನ ಕಾಲದಲ್ಲಿ ನನ್ನ ಫೋಟೋಗಳಿಗೆ ಎಲ್ಲರೂ ಪರವಾಗಿಲ್ಲ ಎನ್ನುತ್ತಿದ್ದರು. ಆ ಪರವಾಗಿಲ್ಲದಲ್ಲೇ ನಾಲ್ಕು ವರ್ಷ ಕಳೆದವು. ಬಾಗಲಕೋಟೆಯ ಸ್ಟುಡಿಯೋ ಹಿರಿಯರೊಬ್ಬರು ನನ್ನ ಪ್ರಿಂಟನ್ನು ಮೇಜಿನ ಮೇಲಿಟ್ಟು, ಬಲಗಡೆಯ ಭಾಗವನ್ನು ಒಂದು ಪೋಸ್ಟ್‌ಕಾರ್ಡಿನಿಂದ ಮುಚ್ಚಿ, ‘ಈಗ ನೋಡು ತಮ್ಮಾ’ ಎಂದರು. ಅಷ್ಟೇ. ಆ ಕಾರ್ಡಿನ ಅಂಚು ಇವತ್ತಿಗೂ ನನ್ನ ಕಣ್ಣಿನಲ್ಲಿದೆ.

ಫೋಟೋ ಕಳಿಸುವವರೇ, ನಿಮಗೂ ಹೇಳುತ್ತೇನೆ. ಬಿಸಿಲು ಹೆಚ್ಚಿತ್ತು, ಬಸ್ ಹೊರಟಿತ್ತು, ಅಡ್ಡ ಯಾರೋ ಬಂದರು ಎಂಬ ಕಥೆ ಬೇಡ. ಗೋಡೆಗೆ ಫೋಟೋ ನೇತುಹಾಕುತ್ತೀರಿ, ಅದರ ಪಕ್ಕದಲ್ಲಿ ನೀವು ನಿಂತಿರುವುದಿಲ್ಲ. ಯಾರಾದರೂ ಚೆನ್ನಾಗಿದೆ ಎಂದರೆ ಬಿಡಬೇಡಿ, ‘ಎಲ್ಲಿ?’ ಎಂದು ಕೇಳಿ. ಉತ್ತರ ಬರುವ ತನಕ ಕೇಳಿ.

ಚಂದಾದಾರರಾಗದವರು ಈಗಲೇ ಆಗಿ. ಪ್ರತಿ ಭಾನುವಾರ ಬೆಳಗ್ಗೆ ಏಳಕ್ಕೆ ನಿಮ್ಮದೇ ಮೂರು ಫೋಟೋ ನೋಡುತ್ತೇವೆ, ಒಂದೊಂದಕ್ಕೆ ಹತ್ತು ನಿಮಿಷ. ಇಷ್ಟು ಪುರುಸೊತ್ತಿನಿಂದ ನಿಮ್ಮ ಫೋಟೋ ನೋಡುವವರು ಇನ್ನೆಲ್ಲಿ ಸಿಗುತ್ತಾರೆ?

ಅಂದ ಹಾಗೆ ಬೆಳಗಾವಿಯ ಸರ್, ಆ ‘ಪಾಪದ ಮಗು’ ಇವತ್ತು ಬೆಳಗ್ಗೆ ಅದೇ ಮೆಟ್ಟಿಲಿಗೆ ಮತ್ತೆ ಹೋಗಿದ್ದಾಳೆ. ಇಲ್ಲಿದೆ ನೋಡಿ. ಎಡಕ್ಕೆ ಸರಿದಿದ್ದಾಳೆ. ತಲೆ ಬೇರೆ, ಶಿಖರ ಬೇರೆ. ಹನಿಗಳನ್ನು ಎಣಿಸಬಹುದು, ಎಣಿಸಿ! ಬಲಗಡೆ ಕೆಳ ಮೂಲೆಯಲ್ಲಿ ಅರ್ಧ ಕತ್ತರಿಸಿದ ನೀಲಿ ಪ್ಲಾಸ್ಟಿಕ್ ಕೊಡವೊಂದು ಉಳಿದುಬಿಟ್ಟಿದೆ, ಕಣ್ಣು ಅಲ್ಲಿಗೇ ಓಡುತ್ತದೆ. ಇಲ್ಲಿ, ನನ್ನ ಬೆರಳಿನ ಹತ್ತಿರ. ಕಾಣಿಸಿತೇನವ್ವಾ?